ಟೋಕಿಯೊದಿಂದ ಸಿಯೋಲ್‌ವರೆಗಿನ ಖರ್ಚು ಯಾರದು? ಎಸ್‌ಕೆ ಬ್ರಾಡ್‌ಬ್ಯಾಂಡ್ ಮತ್ತು ನೆಟ್‌ಫ್ಲಿಕ್ಸ್ ವಿವಾದ: ಒಂದು ಪ್ರಕರಣ ಅಧ್ಯಯನ

2019ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಟರ್‌ನೆಟ್ ಸೇವಾ ಸಂಸ್ಥೆ ಎಸ್‌ಕೆ ಬ್ರಾಡ್‌ಬ್ಯಾಂಡ್, ಜಾಲ ಬಳಕೆಯ ಶುಲ್ಕದ ಬಗ್ಗೆ ಮಾತುಕತೆಗೆ ನೆಟ್‌ಫ್ಲಿಕ್ಸ್ ಒಪ್ಪುತ್ತಿಲ್ಲವೆಂದು ದೂರಿ, ಮಧ್ಯಸ್ಥಿಕೆ ವಹಿಸುವಂತೆ ಕೊರಿಯಾ ಸಂವಹನ ಆಯೋಗಕ್ಕೆ ಅರ್ಜಿ ಸಲ್ಲಿಸಿತು. ಆಯೋಗ ತನ್ನ ನಿಲುವು ತಿಳಿಸುವ ಮೊದಲೇ, 2020ರ ಏಪ್ರಿಲ್‌ನಲ್ಲಿ, ನೆಟ್‌ಫ್ಲಿಕ್ಸ್ ಸಿಯೋಲ್ ಕೇಂದ್ರ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿ, ಅಂಥ ಶುಲ್ಕ ಕೊಡುವ ಹೊಣೆಯಾಗಲಿ ಅದರ ಬಗ್ಗೆ ಚರ್ಚಿಸುವ ಹೊಣೆಯಾಗಲಿ ತನಗಿಲ್ಲವೆಂದು ಘೋಷಿಸಬೇಕೆಂದು ಕೇಳಿತು. ಮೂರೂವರೆ ವರ್ಷ ನಡೆದ ಈ ಜಗಳ ಒಂದು ಹಂತದ ತೀರ್ಪು, ಮೇಲ್ಮನವಿ ಮತ್ತು ಪ್ರತಿದಾವೆಗಳನ್ನು ದಾಟಿ 2023ರ ಸೆಪ್ಟೆಂಬರ್ 18ರಂದು ರಾಜಿಯಲ್ಲಿ ಮುಗಿಯಿತು. ಮೂಲ ಪ್ರಶ್ನೆಗೆ ಮಾತ್ರ ಅಂತಿಮ ಉತ್ತರ ಸಿಗಲಿಲ್ಲ.

ಎರಡು ಜಾಲಗಳ ನಡುವೆ ಹರಿಯುವ ಟ್ರಾಫಿಕ್‌ಗೆ, ಅಂದರೆ ದತ್ತಾಂಶದ ಹರಿವಿಗೆ, ಹಣ ಕೊಡಬೇಕಾದವರು ಯಾರು ಎಂಬ ವಿವಾದಗಳು ಬೇರೆ ದೇಶಗಳಲ್ಲೂ ಆಗಿವೆ. ಹಾಗಿದ್ದೂ ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಬೇರೆಡೆ ಮಾರುಕಟ್ಟೆಯ ಚೌಕಾಸಿಗೆ ಬಿಟ್ಟಿದ್ದ ವಿಷಯವನ್ನು ಕೊರಿಯಾ ಸರಕಾರಿ ನಿಯಮವಾಗಿಯೇ ಬರೆದಿಟ್ಟಿತ್ತು. ಆದ್ದರಿಂದ ಟ್ರಾಫಿಕ್ ಕಳಿಸುವವರೇ ಹಣ ಕೊಡಬೇಕೆಂಬ ತತ್ತ್ವವನ್ನು ಆಚರಣೆಗೆ ತಂದಾಗ ಏನಾಗುತ್ತದೆ ಎಂಬುದನ್ನು ಊಹೆಯ ಮೇಲಲ್ಲದೆ ನಡೆದ ಘಟನೆಗಳ ಮೇಲೆಯೇ ಇಲ್ಲಿ ಪರಿಶೀಲಿಸಬಹುದು.

ರೂಢಿ ಮತ್ತು ನಿಯಮ

ಇಂಟರ್‌ನೆಟ್ ಜಾಲಗಳು ಒಂದನ್ನೊಂದು ಕೂಡಿಕೊಳ್ಳುವ ಬಗೆ ಮುಖ್ಯವಾಗಿ ಎರಡು. ಒಂದು ಜಾಲ ಇನ್ನೊಂದಕ್ಕೆ ಹಣ ಕೊಟ್ಟು, ಅದರ ಮೂಲಕ ಇಡೀ ಇಂಟರ್‌ನೆಟ್ಟನ್ನು ತಲುಪುವುದು ಟ್ರಾನ್ಸಿಟ್. ಇದರ ಬಿಲ್ಲನ್ನು ಸಾಮಾನ್ಯವಾಗಿ ಐದೈದು ನಿಮಿಷಕ್ಕೊಮ್ಮೆ ಅಳೆದ ಬಳಕೆಯಲ್ಲಿ ಅತಿ ಹೆಚ್ಚಿನ ಶೇ 5ರಷ್ಟು ಅಳತೆಗಳನ್ನು ಬಿಟ್ಟು, ಉಳಿದವುಗಳಲ್ಲಿ ಗರಿಷ್ಠವಾದದ್ದಕ್ಕೆ ಹಾಕುತ್ತಾರೆ. ಎರಡು ಜಾಲಗಳು ನೇರವಾಗಿ ಸೇರಿ, ತಮ್ಮ ತಮ್ಮ ಗ್ರಾಹಕರಿಗೆ ಸಂಬಂಧಿಸಿದ ಟ್ರಾಫಿಕ್ಕನ್ನು ಮಾತ್ರ ಬದಲಾಯಿಸಿಕೊಳ್ಳುವುದು ಪೀರಿಂಗ್. ಇದರಲ್ಲಿ ಸಾಮಾನ್ಯವಾಗಿ ಹಣದ ವ್ಯವಹಾರವಿರುವುದಿಲ್ಲ. ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಸಂಸ್ಥೆ 2016ರಲ್ಲಿ ಸಮೀಕ್ಷೆಗೆ ಒಳಪಡಿಸಿದ 19 ಲಕ್ಷಕ್ಕೂ ಹೆಚ್ಚು ಪೀರಿಂಗ್ ಏರ್ಪಾಡುಗಳಲ್ಲಿ ಶೇ 99.93ರಷ್ಟಕ್ಕೆ ಲಿಖಿತ ಕರಾರೇ ಇರಲಿಲ್ಲ. ಬಾಯಿಮಾತಿನ ಮೇಲೆ ಇಷ್ಟು ದೊಡ್ಡ ವ್ಯವಸ್ಥೆ ನಡೆಯುತ್ತಿರುವುದು ಆಶ್ಚರ್ಯವೇ ಸರಿ, ಆದರೆ ಈ ಪ್ರಕರಣದಲ್ಲಿ ತೊಡಕು ಹುಟ್ಟಿದ್ದು ಕೂಡ ಅದೇ ಬಾಯಿಮಾತಿನಿಂದ.

ದೂರವಾಣಿಯಲ್ಲಿ ಕರೆ ಮಾಡಿದವರ ಜಾಲ ಕರೆ ಮುಟ್ಟಿಸಿದ ಜಾಲಕ್ಕೆ ಹಣ ಕೊಡುತ್ತದೆ. ಕರೆಗೆ ಕಾರಣರಾದವರು ಯಾರೆಂಬುದು ಅಲ್ಲಿ ಸ್ಪಷ್ಟ. ಇಂಟರ್‌ನೆಟ್‌ನಲ್ಲಿ ಹಾಗಲ್ಲ. ವಿಡಿಯೊ ಕಳಿಸುವ ಸರ್ವರ್ ತಾನಾಗಿ ಏನನ್ನೂ ಕಳಿಸುವುದಿಲ್ಲ. ಮನೆಯಲ್ಲಿ ಕುಳಿತ ಚಂದಾದಾರರು ಸಣ್ಣದೊಂದು ಕೋರಿಕೆ ಕಳಿಸಿದ ಮೇಲೆ ಅದಕ್ಕೆ ಉತ್ತರವಾಗಿ ದೊಡ್ಡ ಹರಿವು ಹೊರಡುತ್ತದೆ. ಟ್ರಾಫಿಕ್ ಯಾವ ದಿಕ್ಕಿನಲ್ಲಿ ಹೆಚ್ಚಾಗಿದೆ ಎಂಬುದನ್ನು ಮಾತ್ರ ನೋಡಿದರೆ, ಅದನ್ನು ತರಿಸಿಕೊಂಡವರು ಯಾರೆಂಬುದು ತಿಳಿಯುವುದಿಲ್ಲ.

2016ರ ಜನವರಿಯಿಂದ ಕೊರಿಯಾ ತನ್ನ ಅಂತರ ಸಂಪರ್ಕ ನಿಯಮವನ್ನು ಬದಲಾಯಿಸಿತು. ಅದುವರೆಗೆ ಕೆಟಿ, ಎಸ್‌ಕೆ ಬ್ರಾಡ್‌ಬ್ಯಾಂಡ್ ಮತ್ತು ಎಲ್‌ಜಿ ಯುಪ್ಲಸ್ ಎಂಬ ಮೂರು ದೊಡ್ಡ ಸಂಸ್ಥೆಗಳು ತಮ್ಮೊಳಗೆ ಲೆಕ್ಕ ಇತ್ಯರ್ಥವಿಲ್ಲದೆ ಟ್ರಾಫಿಕ್ ಬದಲಾಯಿಸಿಕೊಳ್ಳುತ್ತಿದ್ದವು. ಹೊಸ ನಿಯಮದ ಪ್ರಕಾರ, ಕಳಿಸಿದ ಟ್ರಾಫಿಕ್‌ನ ಪ್ರಮಾಣಕ್ಕೆ ತಕ್ಕಂತೆ ಕಳಿಸಿದ ಜಾಲ ಪಡೆದ ಜಾಲಕ್ಕೆ ಹಣ ಕೊಡಬೇಕಾಯಿತು. ಓದಿದಾಗ ನ್ಯಾಯವಾಗಿಯೇ ಕಾಣುವ ನಿಯಮವಿದು.

ಮೊದಲ ಪರಿಣಾಮ: ಫೇಸ್‌ಬುಕ್

ನೆಟ್‌ಫ್ಲಿಕ್ಸ್ ಪ್ರಕರಣಕ್ಕೆ ಮುನ್ನ ನಡೆದ ಫೇಸ್‌ಬುಕ್ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿಯಮದ ಒಳಗಿನ ದೋಷ ಅಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ. ಫೇಸ್‌ಬುಕ್ ತನ್ನ ಕ್ಯಾಶ್ ಸರ್ವರ್‌ಗಳನ್ನು, ಅಂದರೆ ಹೆಚ್ಚು ಬೇಡಿಕೆಯಿರುವ ಚಿತ್ರ ಮತ್ತು ವಿಡಿಯೊಗಳ ಪ್ರತಿಗಳನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಯಂತ್ರಗಳನ್ನು, ಹಣ ಕೊಟ್ಟು ಕೆಟಿ ಜಾಲದಲ್ಲಿ ಇರಿಸಿತ್ತು. ಎಸ್‌ಕೆ ಬ್ರಾಡ್‌ಬ್ಯಾಂಡ್ ಮತ್ತು ಎಲ್‌ಜಿ ಯುಪ್ಲಸ್ ಚಂದಾದಾರರೂ ಅದೇ ಸರ್ವರ್‌ಗಳಿಂದ ಪ್ರತಿಗಳನ್ನು ಪಡೆಯುತ್ತಿದ್ದರು. ಹಳೆಯ ರೂಢಿಯಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಪ್ರತಿ ಸಲವೂ ಸಮುದ್ರದಾಚೆಗೆ ಹೋಗಿಬರುವುದು ತಪ್ಪಿದ್ದರಿಂದ ಎಲ್ಲರಿಗೂ ಲಾಭವೇ ಇತ್ತು.

ಹೊಸ ನಿಯಮ ಬಂದೊಡನೆ ಲೆಕ್ಕ ತಿರುಗಿತು. ಎಸ್‌ಕೆ ಬ್ರಾಡ್‌ಬ್ಯಾಂಡ್‌ನ ಚಂದಾದಾರರೊಬ್ಬರು ಫೇಸ್‌ಬುಕ್ ತೆರೆದಾಗಲೆಲ್ಲ ಟ್ರಾಫಿಕ್ ಕೆಟಿಯಿಂದ ಎಸ್‌ಕೆ ಕಡೆಗೆ ಹರಿಯುತ್ತದೆ, ಹಾಗಾಗಿ ಕೆಟಿ ಎಸ್‌ಕೆಗೆ ಹಣ ಕೊಡಬೇಕು. ಜನ ಬಯಸುವ ಸರ್ವರ್ ತನ್ನಲ್ಲಿದೆ ಎಂಬುದೇ ಕೆಟಿಗೆ ಹೊರೆಯಾಯಿತು. ಆ ಹೊರೆಯನ್ನು ಅದು ಫೇಸ್‌ಬುಕ್ ಮೇಲೆ ಹಾಕಲು ನೋಡಿತು. ಫೇಸ್‌ಬುಕ್ 2016ರ ಕೊನೆಯಿಂದ 2017ರ ಆರಂಭದವರೆಗೆ ಆ ಎರಡು ಜಾಲಗಳ ಚಂದಾದಾರರ ಸಂಪರ್ಕವನ್ನು ಕೆಟಿಯಿಂದ ತೆಗೆದು ಹಾಂಗ್‌ಕಾಂಗ್ ಮುಂತಾದ ವಿದೇಶಿ ಕೇಂದ್ರಗಳಿಗೆ ತಿರುಗಿಸಿತು. ಹೊರದೇಶದ ಕೊಂಡಿಗಳು ಆ ಹರಿವನ್ನು ತಾಳಲಾರದೆ ಸೇವೆ ನಿಧಾನವಾಯಿತು, ದೂರುಗಳು ಹೆಚ್ಚಿದವು. ಕೊರಿಯಾ ಸಂವಹನ ಆಯೋಗ 2018ರ ಮಾರ್ಚ್‌ನಲ್ಲಿ ಫೇಸ್‌ಬುಕ್‌ಗೆ 39.6 ಕೋಟಿ ವೊನ್ ದಂಡ ವಿಧಿಸಿತು. ಫೇಸ್‌ಬುಕ್ 2019ರಲ್ಲಿ ಆಡಳಿತ ನ್ಯಾಯಾಲಯದಲ್ಲೂ 2020ರಲ್ಲಿ ಉಚ್ಚ ನ್ಯಾಯಾಲಯದಲ್ಲೂ ಗೆದ್ದಿತು. 2023ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ದಂಡ ಸರಿಯೋ ತಪ್ಪೋ ಎಂಬುದು ನಮಗೆ ಮುಖ್ಯವಲ್ಲ. ನಿಯಮ ರೂಪಿಸಿದವರ ಉದ್ದೇಶ ಏನೇ ಇದ್ದರೂ, ಜನರಿಗೆ ಹತ್ತಿರದಲ್ಲಿದ್ದ ಪ್ರತಿಯನ್ನು ದೂರಕ್ಕೆ ತಳ್ಳುವುದೇ ಎಲ್ಲರಿಗೂ ಲಾಭದಾಯಕವಾಗಿ ಕಾಣುವಂತೆ ಅದು ಮಾಡಿತು ಎಂಬುದಷ್ಟೇ ಮುಖ್ಯ. ಸರಕಾರಕ್ಕೂ ಇದರ ಅರಿವಾಗಿರಬೇಕು: ಮೂರು ದೊಡ್ಡ ಸಂಸ್ಥೆಗಳ ನಡುವಿನ ಟ್ರಾಫಿಕ್ 1:1.8ರ ಅನುಪಾತದೊಳಗೆ ಇದ್ದರೆ ಪರಸ್ಪರ ಹಣ ಕೊಡಬೇಕಾಗಿಲ್ಲ ಎಂಬ ಸಡಿಲಿಕೆ 2020ರಿಂದ ಜಾರಿಗೆ ಬಂತು.

ಸಿಯಾಟಲ್‌ನಿಂದ ಟೋಕಿಯೊಗೆ

ನೆಟ್‌ಫ್ಲಿಕ್ಸ್ ಕೊರಿಯಾದಲ್ಲಿ ಸೇವೆ ಆರಂಭಿಸಿದ್ದು 2016ರ ಜನವರಿಯಲ್ಲಿ. ಮೊದಲು ಅದರ ಮತ್ತು ಎಸ್‌ಕೆ ಬ್ರಾಡ್‌ಬ್ಯಾಂಡ್ ನಡುವಿನ ಟ್ರಾಫಿಕ್ ಕೈ ಬದಲಾಗುತ್ತಿದ್ದದ್ದು ಅಮೆರಿಕದ ಸಿಯಾಟಲ್‌ನಲ್ಲಿರುವ ಇಂಟರ್‌ನೆಟ್ ಎಕ್ಸ್‌ಚೇಂಜ್‌ನಲ್ಲಿ. ಅದು ಹಲವು ಜಾಲಗಳು ಒಂದೇ ಕಡೆ ಬಂದು ಸೇರುವ ಜಾಗ. ಅಲ್ಲಿ ಹಣದ ಮಾತು ಬರಲಿಲ್ಲ. ವೀಕ್ಷಕರು ಹೆಚ್ಚಿ ಚಿತ್ರದ ಗುಣಮಟ್ಟ ಕುಸಿಯತೊಡಗಿದಾಗ, 2018ರ ಮೇ ತಿಂಗಳಲ್ಲಿ ಇಬ್ಬರೂ ಕೂಡುವ ಜಾಗವನ್ನು ಟೋಕಿಯೊಗೆ ಬದಲಾಯಿಸಿ, ಅಲ್ಲಿ ಇಬ್ಬರಿಗೇ ಮೀಸಲಾದ ನೇರ ಸಂಪರ್ಕ ಮಾಡಿಕೊಂಡರು. ಮುಂದೆ ಹಾಂಗ್‌ಕಾಂಗ್ ಕೂಡ ಇದಕ್ಕೆ ಸೇರಿತು. ಟೋಕಿಯೊದವರೆಗೆ ವಿಡಿಯೊ ತಂದು ಮುಟ್ಟಿಸುವುದು ನೆಟ್‌ಫ್ಲಿಕ್ಸ್ ಖರ್ಚು; ಅಲ್ಲಿಂದ ಸಮುದ್ರ ದಾಟಿಸಿ ಕೊರಿಯಾದ ಮನೆಗಳಿಗೆ ತಲುಪಿಸುವುದು ಎಸ್‌ಕೆ ಬ್ರಾಡ್‌ಬ್ಯಾಂಡ್ ಖರ್ಚು.

ಎಸ್‌ಕೆ ಬ್ರಾಡ್‌ಬ್ಯಾಂಡ್ ಹೇಳಿಕೆಯ ಪ್ರಕಾರ, 2018ರ ಮೇ ತಿಂಗಳಲ್ಲಿ ಸೆಕೆಂಡಿಗೆ 50 ಗಿಗಾಬಿಟ್ ಇದ್ದ ನೆಟ್‌ಫ್ಲಿಕ್ಸ್ ಟ್ರಾಫಿಕ್ 2021ರ ಸೆಪ್ಟೆಂಬರ್ ಹೊತ್ತಿಗೆ 1,200 ಗಿಗಾಬಿಟ್‌ಗೆ, ಅಂದರೆ 24 ಪಟ್ಟು, ಏರಿತು. ಒಂದೇ ಡೇಟಾ ಸೆಂಟರಿನ ಒಳಗಾದರೆ ಇದು 100 ಗಿಗಾಬಿಟ್‌ನ 12 ಪೋರ್ಟ್‌ಗಳಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳಲ್ಲಿ, ಮುಗಿಯುವ ಕೆಲಸ. ಸಮುದ್ರದಡಿಯ ಕೇಬಲ್‌ನಲ್ಲಿ ಅಷ್ಟೇ ಸಾಮರ್ಥ್ಯ ಪಡೆಯಲು ತಗಲುವ ವೆಚ್ಚವೇ ಬೇರೆ, ಮತ್ತು ಅದನ್ನು ಮತ್ತೆ ಮತ್ತೆ ಹೆಚ್ಚಿಸಬೇಕಾಗಿ ಬಂದದ್ದೂ ನಿಜ. ಈ ಅಂಶದಲ್ಲಿ ಎಸ್‌ಕೆ ಬ್ರಾಡ್‌ಬ್ಯಾಂಡ್ ಅಳಲು ಸುಳ್ಳಾಗಿರಲಿಲ್ಲ.

ಟೋಕಿಯೊಗೆ ಬದಲಾದಾಗ ಹಣದ ಬಗ್ಗೆ ಏನು ತೀರ್ಮಾನವಾಗಿತ್ತು ಎಂಬುದು ವ್ಯಾಜ್ಯದ ಕೇಂದ್ರಕ್ಕೆ ಬಂತು. ಹಣವಿಲ್ಲದ ಪೀರಿಂಗ್‌ಗೆ ಇಬ್ಬರೂ ಒಪ್ಪಿದ್ದರು, ಇಲ್ಲವಾದರೆ ಸಂಪರ್ಕವೇ ಆಗುತ್ತಿರಲಿಲ್ಲ ಎಂದು ನೆಟ್‌ಫ್ಲಿಕ್ಸ್ ವಾದಿಸಿತು. ಚಂದಾದಾರರಿಗೆ ತೊಂದರೆಯಾಗಬಾರದೆಂದು ಮೊದಲು ಸಂಪರ್ಕ ಕೊಟ್ಟು ಶುಲ್ಕದ ವಿಷಯವನ್ನು ಮುಂದಕ್ಕೆ ಹಾಕಿದ್ದೆವು, ಸಿಯಾಟಲ್‌ನ ಸಾರ್ವಜನಿಕ ಸಂಪರ್ಕಕ್ಕೂ ಟೋಕಿಯೊದ ಮೀಸಲು ಸಂಪರ್ಕಕ್ಕೂ ಹೋಲಿಕೆಯೇ ಇಲ್ಲ ಎಂದು ಎಸ್‌ಕೆ ಬ್ರಾಡ್‌ಬ್ಯಾಂಡ್ ಹೇಳಿತು. ಹಣದ ಬಗ್ಗೆ ಬರೆದಿಟ್ಟ ಒಂದು ಸಾಲೂ ಇಬ್ಬರ ಬಳಿ ಇಲ್ಲದಿದ್ದುದರಿಂದ, ಆ ಮೌನಕ್ಕೆ ಇಬ್ಬರೂ ತಮಗೆ ಬೇಕಾದ ಅರ್ಥ ಕೊಟ್ಟುಕೊಂಡರು.

ವಾದಗಳು ಮತ್ತು ತೀರ್ಪು

ನೆಟ್‌ಫ್ಲಿಕ್ಸ್ ವಾದದ ತಿರುಳು ಹೀಗಿತ್ತು. ಇಂಟರ್‌ನೆಟ್‌ಗೆ ಸೇರಲು ತಗಲುವ ವೆಚ್ಚವನ್ನು ತಾನು ತನ್ನ ಬದಿಯಲ್ಲಿ ಭರಿಸಿದ್ದೇನೆ. ಸೇರಿದ ಮೇಲೆ ಟ್ರಾಫಿಕ್ಕನ್ನು ಚಂದಾದಾರರಿಗೆ ಮುಟ್ಟಿಸುವುದು ಎಸ್‌ಕೆ ಬ್ರಾಡ್‌ಬ್ಯಾಂಡ್‌ನ ಕರ್ತವ್ಯ, ಅದಕ್ಕಾಗಿ ಅದು ಚಂದಾ ಪಡೆದಿದೆ. ಇನ್ನೊಮ್ಮೆ ತನ್ನಿಂದ ಕೇಳುವುದೆಂದರೆ ಒಂದೇ ಸೇವೆಯನ್ನು ಎರಡು ಬಾರಿ ಮಾರಿದಂತೆ. ಇದರ ಜೊತೆಗೆ, 2012ರಲ್ಲಿ ಪ್ರಕಟಿಸಿದ ತನ್ನ ಓಪನ್ ಕನೆಕ್ಟ್ ಯೋಜನೆಯ ಕ್ಯಾಶ್ ಸರ್ವರ್‌ಗಳನ್ನು ಕೊರಿಯಾದೊಳಗೆ ಎಸ್‌ಕೆ ಜಾಲದಲ್ಲಿಯೇ ಉಚಿತವಾಗಿ ಇಡಲು ಸಿದ್ಧ ಎಂದಿತು.

ಜಾಲವೆಂಬುದು ನೋಡುವವರಿಗೂ ತೋರಿಸುವವರಿಗೂ ಸೇವೆ ಕೊಡುತ್ತದೆ, ಆದ್ದರಿಂದ ಇಬ್ಬರೂ ಗ್ರಾಹಕರೇ ಎಂಬುದು ಎಸ್‌ಕೆ ಬ್ರಾಡ್‌ಬ್ಯಾಂಡ್ ಉತ್ತರ. ಸರ್ವರ್ ಕೊಟ್ಟರೆ ಸಾಲದು, ದೇಶದೊಳಗಿನ ಹಂಚಿಕೆಯ ವೆಚ್ಚ ಹಾಗೆಯೇ ಉಳಿಯುತ್ತದೆ ಎಂದೂ ಅದು ಹೇಳಿತು. ಅದರ ಬಳಿ ಇದ್ದ ಬಲವಾದ ಉದಾಹರಣೆ ನಾವೆರ್: ಕೊರಿಯಾದ ಈ ಹುಡುಕಾಟ ತಾಣದ ಕಂಪನಿ 2016ರಲ್ಲಿ ಜಾಲ ಶುಲ್ಕವೆಂದು 7,340 ಕೋಟಿ ವೊನ್ ಕೊಟ್ಟಿದ್ದಾಗಿ ತಾನೇ ಹೇಳಿಕೊಂಡಿತ್ತು. ದೇಶದ ಕಂಪನಿ ಕೊಡುವಾಗ ವಿದೇಶಿ ಕಂಪನಿ ಏಕೆ ಕೊಡಬಾರದು ಎಂಬ ಪ್ರಶ್ನೆ ಕೊರಿಯಾದ ಸಾರ್ವಜನಿಕ ಚರ್ಚೆಯಲ್ಲಿ ಸಹಜವಾಗಿಯೇ ಬಲ ಪಡೆಯಿತು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ನೆಟ್‌ಫ್ಲಿಕ್ಸ್‌ಗೆ ಉಚಿತವೆಂದು ಒಮ್ಮೆ ಒಪ್ಪಿಕೊಂಡರೆ ನಾಳೆ ನಾವೆರ್ ತನಗೂ ಉಚಿತ ಬೇಕೆನ್ನುತ್ತದೆ. ಅಷ್ಟು ದೊಡ್ಡ ಆದಾಯ ಕೈತಪ್ಪುತ್ತದೆ. ಇನ್ನು, ಎಸ್‌ಕೆ ಬ್ರಾಡ್‌ಬ್ಯಾಂಡ್‌ನ ಮಾತೃಸಂಸ್ಥೆ ಎಸ್‌ಕೆ ಟೆಲಿಕಾಂ 2019ರಿಂದ ಪ್ರಸಾರ ವಾಹಿನಿಗಳ ಜೊತೆ ಸೇರಿ ವೇವ್ ಎಂಬ ವಿಡಿಯೊ ಸೇವೆ ನಡೆಸುತ್ತಿತ್ತು, ಅಂದರೆ ಶುಲ್ಕ ಕೇಳುತ್ತಿದ್ದವರ ಮನೆಯವರೇ ಶುಲ್ಕ ಕೊಡಬೇಕಾದವರ ಪ್ರತಿಸ್ಪರ್ಧಿಗಳು.

2021ರ ಜೂನ್ 25ರಂದು ಜಿಲ್ಲಾ ನ್ಯಾಯಾಲಯ ನೆಟ್‌ಫ್ಲಿಕ್ಸ್ ವಿರುದ್ಧ ತೀರ್ಪಿತ್ತಿತು. ಮಾತುಕತೆಯ ಹೊಣೆಯಿಲ್ಲವೆಂಬ ಕೋರಿಕೆಯನ್ನು ವಿಚಾರಣೆಗೆ ಅರ್ಹವಲ್ಲವೆಂದು ತಳ್ಳಿಹಾಕಿ, ಹಣ ಕೊಡುವ ಹೊಣೆಯಿಲ್ಲವೆಂಬ ಕೋರಿಕೆಯನ್ನು ವಜಾ ಮಾಡಿತು. ಎಸ್‌ಕೆ ಬ್ರಾಡ್‌ಬ್ಯಾಂಡ್ ಮೂಲಕ ಇಂಟರ್‌ನೆಟ್ ಸಂಪರ್ಕವನ್ನು, ಕಡೇಪಕ್ಷ ಆ ಸಂಪರ್ಕ ಮುಂದುವರಿಯುವ ಸ್ಥಿತಿಯನ್ನು, ನೆಟ್‌ಫ್ಲಿಕ್ಸ್ ಪಡೆಯುತ್ತಿದೆ. ಅದು ಬೆಲೆಯಿರುವ ಸೇವೆ ಎಂಬುದು ನ್ಯಾಯಾಲಯದ ತರ್ಕ. ಕೊಡಬೇಕೇ, ಕೊಡುವುದಾದರೆ ಎಷ್ಟು ಎಂಬುದನ್ನು ಉಭಯ ಪಕ್ಷಗಳೇ ಮಾತಾಡಿ ನಿರ್ಧರಿಸಿಕೊಳ್ಳಬೇಕೆಂದೂ ಅದು ಸೇರಿಸಿತು. ಎಸ್‌ಕೆ ಬ್ರಾಡ್‌ಬ್ಯಾಂಡ್ ಇದನ್ನು ಸಂಪೂರ್ಣ ಜಯವೆಂದು ಸಾರಿಕೊಂಡರೂ ತೀರ್ಪಿನಲ್ಲಿ ಒಂದು ವೊನ್‌ನ ದರವೂ ಇರಲಿಲ್ಲ. ಸೇವೆಗೆ ಬೆಲೆಯಿದೆ ಎಂದು ಹೇಳಿ, ಅದರ ಪ್ರಮಾಣವನ್ನು ಹೇಳದೆ, ನ್ಯಾಯಾಲಯ ಕಕ್ಷಿದಾರರನ್ನು ಅವರು ಜಗಳ ಆರಂಭಿಸಿದ ಜಾಗಕ್ಕೇ ಹಿಂದಿರುಗಿಸಿತು.

ನೆಟ್‌ಫ್ಲಿಕ್ಸ್ ಮೇಲ್ಮನವಿ ಸಲ್ಲಿಸಿತು. ಸೆಪ್ಟೆಂಬರ್ 17ರಂದು ‘ಸ್ಕ್ವಿಡ್ ಗೇಮ್’ ಸರಣಿ ಬಿಡುಗಡೆಯಾಗಿ ದೇಶವಿಡೀ ಅದರ ಮಾತೇ ಆಗಿದ್ದ ಹೊತ್ತಿನಲ್ಲಿ, 30ರಂದು, ಎಸ್‌ಕೆ ಬ್ರಾಡ್‌ಬ್ಯಾಂಡ್ ಪ್ರತಿದಾವೆ ಹೂಡಿ ಬಾಕಿ ಶುಲ್ಕ ಕೇಳಿತು. 2020ರ ಒಂದು ವರ್ಷಕ್ಕೇ ಸುಮಾರು 2,720 ಕೋಟಿ ವೊನ್ ಬರಬೇಕೆಂಬ ಅದರ ಅಂದಾಜು ಆಗ ವರದಿಯಾಯಿತು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೂನ್ ಜೇ-ಇನ್ ಕೂಡ ದೊಡ್ಡ ವೇದಿಕೆಗಳು ಸೂಕ್ತ ಜಾಲ ಶುಲ್ಕ ಕೊಡುವ ವಿಷಯವನ್ನು ಪರಿಶೀಲಿಸುವಂತೆ ಪ್ರಧಾನಿಗೆ ಸೂಚಿಸಿದರು. ಶುಲ್ಕ ಕಡ್ಡಾಯಗೊಳಿಸುವ ಹಲವು ಮಸೂದೆಗಳು ಸಂಸತ್ತಿಗೆ ಬಂದವು. 2022ರಲ್ಲಿ ಯೂಟ್ಯೂಬ್ ತನ್ನ ವಿಡಿಯೊ ತಯಾರಕರನ್ನು ಮುಂದಿಟ್ಟು ವಿರೋಧ ಸಂಘಟಿಸಿದ ಮೇಲೆ ಅವು ಮುಂದೆ ಸಾಗಲಿಲ್ಲ.

ವಿಶ್ಲೇಷಣೆ

ಎರಡೂ ಕಡೆಯವರು ತಮ್ಮ ವಾದವನ್ನು ತತ್ತ್ವದ ಮಟ್ಟಕ್ಕೆ ಏರಿಸಿದ್ದರಿಂದ ಖರ್ಚು ನಿಜವಾಗಿ ಎಲ್ಲಿ ಆಗುತ್ತಿತ್ತು ಎಂಬ ಸರಳ ವಿಷಯ ಮರೆಗೆ ಸರಿಯಿತು ಎಂಬುದು ನನ್ನ ಅಭಿಪ್ರಾಯ. ದಾರಿಯನ್ನು ಮೂರು ತುಂಡು ಮಾಡಿ ನೋಡೋಣ. ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದ ಟೋಕಿಯೊವರೆಗಿನ ಮೊದಲ ತುಂಡಿನ ಖರ್ಚು ನೆಟ್‌ಫ್ಲಿಕ್ಸ್‌ನದೇ ಎಂಬುದರಲ್ಲಿ ತಕರಾರಿರಲಿಲ್ಲ. ಕೊರಿಯಾದೊಳಗೆ ಮನೆಯವರೆಗಿನ ಕೊನೆಯ ತುಂಡನ್ನು ಎಸ್‌ಕೆ ಬ್ರಾಡ್‌ಬ್ಯಾಂಡ್ ಚಂದಾದಾರರಿಗೆ ಮಾರಿಯಾಗಿತ್ತು. ಯಾವ ವೇಗಕ್ಕೆ ಹಣ ಪಡೆದಿತ್ತೋ ಆ ವೇಗವನ್ನು ಚಂದಾದಾರರು ಬಳಸಿಕೊಂಡದ್ದಕ್ಕೆ ಮೂರನೆಯವರಲ್ಲಿ ಹಣ ಕೇಳುವುದು ಒಪ್ಪತಕ್ಕ ಮಾತಲ್ಲ. ಐರೋಪ್ಯ ದೂರಸಂಪರ್ಕ ನಿಯಂತ್ರಕರ ಒಕ್ಕೂಟ ಬೆರೆಕ್ ಕೂಡ 2022ರ ಅಕ್ಟೋಬರ್‌ನಲ್ಲಿ, ಟ್ರಾಫಿಕ್‌ಗೆ ಕಾರಣರಾಗುವವರು ಸೇವಾ ಸಂಸ್ಥೆಗಳ ಚಂದಾದಾರರೇ ಎಂದು ಹೇಳಿ, ವಿಡಿಯೊ ಕಂಪನಿಗಳು ಪುಕ್ಕಟೆ ಸವಾರಿ ಮಾಡುತ್ತಿವೆ ಎಂಬುದಕ್ಕೆ ಪುರಾವೆ ಕಂಡಿಲ್ಲವೆಂದಿತು.

ಉಳಿದದ್ದು ನಡುವಿನ ತುಂಡು, ಟೋಕಿಯೊದಿಂದ ಕೊರಿಯಾಕ್ಕೆ ಬರುವ ಸಮುದ್ರದ ದಾರಿ. ಚರ್ಚೆಗೆ ನಿಜವಾಗಿ ಯೋಗ್ಯವಾಗಿದ್ದದ್ದು ಇದೊಂದೇ. ಸಂಜೆಯ ಹೊತ್ತು ಒಂದೇ ಸಂಚಿಕೆಯನ್ನು ಲಕ್ಷ ಜನ ನೋಡಿದರೆ ಅದು ಲಕ್ಷ ಬಾರಿ ಸಮುದ್ರ ದಾಟಿ ಬರುತ್ತಿತ್ತು. ಕ್ಯಾಶ್ ಸರ್ವರ್ ಕೊರಿಯಾದೊಳಗೆ ಇದ್ದಿದ್ದರೆ, ಬಳಕೆ ಕಡಿಮೆ ಇರುವ ವೇಳೆಯಲ್ಲಿ ಒಮ್ಮೆ ತುಂಬಿಸಿಕೊಂಡು ಉಳಿದದ್ದನ್ನು ಒಳಗಿಂದಲೇ ಹಂಚಬಹುದಿತ್ತು, ಮತ್ತು 24 ಪಟ್ಟು ಬೆಳವಣಿಗೆಯ ಬಹುಪಾಲು ಅಂತರರಾಷ್ಟ್ರೀಯ ಕೊಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಎಲ್‌ಜಿ ಯುಪ್ಲಸ್ 2018ರ ನವೆಂಬರ್‌ನಲ್ಲಿ, ಕೆಟಿ 2020ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ಜೊತೆ ಕೈಜೋಡಿಸಿ ಅದನ್ನು ತಮ್ಮ ಟಿವಿ ಸೇವೆಗೆ ಸೇರಿಸಿಕೊಂಡಿದ್ದವು. ಮಾರುಕಟ್ಟೆಯಲ್ಲಿ ಹಿಂದಿದ್ದ ಎಲ್‌ಜಿ ಯುಪ್ಲಸ್‌ಗೆ ಚಂದಾದಾರರನ್ನು ಸೆಳೆಯಲು ನೆಟ್‌ಫ್ಲಿಕ್ಸ್ ಬೇಕಿತ್ತು. ತಂತ್ರಜ್ಞಾನ ಒಂದೇ, ಟ್ರಾಫಿಕ್ ಒಂದೇ ಬಗೆಯದು, ಆದರೂ ಯಾರು ಯಾರಿಗೆ ಹಣ ಕೊಡಬೇಕೆಂಬ ನಿಲುವು ಚೌಕಾಸಿಯ ಬಲಕ್ಕೆ ತಕ್ಕಂತೆ ಬದಲಾಯಿತು.

ಹಾಗೆಂದು ನೆಟ್‌ಫ್ಲಿಕ್ಸ್ ನಿಲುವನ್ನು ಪೂರ್ತಿ ಒಪ್ಪಲಾಗದು. ಕ್ಯಾಶ್ ಸರ್ವರ್‌ಗೆ ಜಾಗ ಮತ್ತು ವಿದ್ಯುತ್ ಬೇಕು, ಅವುಗಳ ಖರ್ಚು ಜಾಲದವರದು. ಆದ್ದರಿಂದ ಅದು ಹೇಳಿಕೊಂಡಷ್ಟು ಉಚಿತವಲ್ಲ. ಜೊತೆಗೆ, ಮಾತುಕತೆಯ ಹೊಣೆಯೇ ಇಲ್ಲ ಎಂದು ನ್ಯಾಯಾಲಯದಿಂದ ಹೇಳಿಸಲು ಹೊರಟದ್ದು ಹಟಮಾರಿತನ, ಮತ್ತು ಅದರಿಂದ ಅದಕ್ಕೆ ನಷ್ಟವೇ ಆಯಿತು. ನಡುವಿನ ತುಂಡಿನ ಬಗ್ಗೆ ನ್ಯಾಯವಾದ ಒಪ್ಪಂದವೆಂದರೆ, ಕೂಡುವ ಜಾಗವನ್ನು ಕೊರಿಯಾದೊಳಕ್ಕೆ ತರಲು ಯಾರು ನಿರಾಕರಿಸುತ್ತಾರೋ ಅವರೇ ಸಮುದ್ರದ ಖರ್ಚನ್ನು ಹೊರುವುದು. ನೆಟ್‌ಫ್ಲಿಕ್ಸ್ ಬರಲು ಒಪ್ಪದಿದ್ದರೆ ಅದು ಕೊಡಬೇಕಿತ್ತು. ಒಪ್ಪಿದ ಮೇಲೂ ಎಸ್‌ಕೆ ಬ್ರಾಡ್‌ಬ್ಯಾಂಡ್ ಬೇಡವೆಂದದ್ದರಿಂದ ಆ ಹೊರೆ ಎಸ್‌ಕೆಯದಾಯಿತು.

ರಾಜಿಯ ನಂತರ

2023ರ ಸೆಪ್ಟೆಂಬರ್‌ನಲ್ಲಿ ಎಸ್‌ಕೆ ಟೆಲಿಕಾಂ, ಎಸ್‌ಕೆ ಬ್ರಾಡ್‌ಬ್ಯಾಂಡ್ ಮತ್ತು ನೆಟ್‌ಫ್ಲಿಕ್ಸ್ ಸಹಭಾಗಿತ್ವ ಘೋಷಿಸಿ ಎಲ್ಲ ದಾವೆಗಳನ್ನೂ ಹಿಂದಕ್ಕೆ ಪಡೆದವು. ಜಾಲ ಶುಲ್ಕದ ಬಗ್ಗೆ ಏನು ಒಪ್ಪಂದವಾಯಿತೆಂಬುದನ್ನು ಬಹಿರಂಗಪಡಿಸಲಿಲ್ಲ. ಹೀಗಾಗಿ ದೊಡ್ಡವರ ಜಗಳ ತಣ್ಣಗಾದರೂ ಅದರಿಂದ ಬೇರೆಯವರು ಉಲ್ಲೇಖಿಸಬಹುದಾದ ಒಂದು ದರವಾಗಲಿ ಒಂದು ಪೂರ್ವ ನಿದರ್ಶನವಾಗಲಿ ಉಳಿಯಲಿಲ್ಲ.

ಅಷ್ಟು ಬಲವಿಲ್ಲದವರ ಕಥೆ ಬೇರೆಯಾಯಿತು. ಆಟಗಳ ನೇರ ಪ್ರಸಾರದ ಸೇವೆ ಟ್ವಿಚ್, ವೆಚ್ಚ ತಗ್ಗಿಸಲು 2022ರಲ್ಲಿ ಕೊರಿಯಾದ ವೀಕ್ಷಕರಿಗೆ ಚಿತ್ರದ ಗುಣಮಟ್ಟವನ್ನು 720ಪಿಗೆ ಇಳಿಸಿತು. ಅಲ್ಲಿನ ಜಾಲ ಶುಲ್ಕ ಬೇರೆ ಬಹುತೇಕ ದೇಶಗಳಿಗಿಂತ ಹತ್ತು ಪಟ್ಟು ಹೆಚ್ಚೆಂದು ಅದರ ಮುಖ್ಯಸ್ಥ ಡ್ಯಾನ್ ಕ್ಲ್ಯಾನ್ಸಿ 2023ರ ಡಿಸೆಂಬರ್‌ನಲ್ಲಿ ಹೇಳಿ, 2024ರ ಫೆಬ್ರುವರಿ 27ರಂದು ಕೊರಿಯಾದ ಸೇವೆಯನ್ನೇ ಮುಚ್ಚಿದರು. ಹತ್ತು ಪಟ್ಟು ಎಂಬುದು ಕಂಪನಿಯ ಮಾತು, ಅದನ್ನು ಹಾಗೆಯೇ ತೆಗೆದುಕೊಳ್ಳಬೇಕು. ಆದರೆ ನೇರ ಪ್ರಸಾರವನ್ನು ಮುಂಚಿತವಾಗಿ ಕ್ಯಾಶ್‌ನಲ್ಲಿ ತುಂಬಿಸಿಡಲು ಬಾರದು ಎಂಬ ತಾಂತ್ರಿಕ ಕಾರಣದಿಂದ, ಪ್ರಮಾಣಕ್ಕೆ ತಕ್ಕ ಶುಲ್ಕದ ಹೊಡೆತ ಇಂಥ ಸೇವೆಗಳಿಗೆ ಹೆಚ್ಚು ಬೀಳುತ್ತದೆ ಎಂಬುದಂತೂ ದಿಟ.

ಇದೇ ಪ್ರಶ್ನೆ ಜರ್ಮನಿಯಲ್ಲಿ ಬೇರೆ ದಾರಿ ಹಿಡಿಯಿತು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಮತ್ತು ಅಲ್ಲಿನ ಇಂಟರ್‌ನೆಟ್ ಸೇವಾ ಸಂಸ್ಥೆ ಡಾಯ್ಚ ಟೆಲಿಕಾಂ ನಡುವೆ ಲಿಖಿತ ಕರಾರು ಮತ್ತು ದರ ಎರಡೂ ಇದ್ದವು. ಕರಾರಿನ ಅವಧಿ ಮುಗಿದ ಮೇಲೆ ರಿಯಾಯಿತಿಗಾಗಿ ಜಗಳವಾಗಿ ಮೆಟಾ ಹಣ ಕೊಡುವುದನ್ನು ನಿಲ್ಲಿಸಿ, ಸಂಪರ್ಕವನ್ನು ಮಾತ್ರ ಬಳಸುತ್ತಲೇ ಹೋಯಿತು. ಕಲೋನ್‌ನ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಸುಮಾರು 2 ಕೋಟಿ ಯುರೊ ಕೊಡುವಂತೆ ಮೆಟಾಗೆ ಆದೇಶಿಸಿತು. ಹಳೆಯ ದರ ಕಣ್ಣಮುಂದೆ ಇದ್ದುದರಿಂದ ಸಿಯೋಲ್‌ನ ನ್ಯಾಯಾಲಯಕ್ಕೆ ಹೇಳಲಾಗದ ಮೊತ್ತವನ್ನು ಅದು ಹೇಳಬಲ್ಲದಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೆಟಾ ನೇರ ಪೀರಿಂಗ್ ಅನ್ನೇ ಕೊನೆಗೊಳಿಸಿ, ತನ್ನ ಟ್ರಾಫಿಕ್ಕನ್ನು ಮೂರನೆಯ ಟ್ರಾನ್ಸಿಟ್ ಸಂಸ್ಥೆಯೊಂದರ ಮೂಲಕ ಸುತ್ತುದಾರಿಯಲ್ಲಿ ಕಳಿಸತೊಡಗಿತು. 2016ರ ಕೊನೆಯಲ್ಲಿ ಇದೇ ಕಂಪನಿ ಕೆಟಿಯಿಂದ ಹಾಂಗ್‌ಕಾಂಗ್‌ಗೆ ತಿರುಗಿಸಿಕೊಂಡದ್ದೂ ಇದೇ ಲೆಕ್ಕಾಚಾರದಿಂದ.